ದೊಡ್ಡ ವಿಮಾನ ಮಾದರಿ, ದೊಡ್ಡ ತಪ್ಪು ಲೆಕ್ಕ

ಭೀಮಸಮುದ್ರ ಎಂದರೆ ಹೊರಗಿನವರಿಗೆ ನೆನಪಾಗುವುದು ಅಡಿಕೆ ವಹಿವಾಟು, ಕೆರೆ, ಅದಿರಿನ ಲಾರಿಗಳು. 2014ರಲ್ಲಿ ಕೇಂದ್ರದ ನಾಗರಿಕ ವಿಮಾನಯಾನ ರಾಜ್ಯ ಸಚಿವರಾಗಿದ್ದ ಜಿ.ಎಂ. ಸಿದ್ದೇಶ್ವರ ಈ ಊರಿನವರೇ ಎಂಬುದು ಕೆಲವರಿಗಷ್ಟೇ ನೆನಪಿದೆ. ಅಡಿಕೆ ಊರಿಗೂ ವಿಮಾನಕ್ಕೂ ಈಗ ಅಷ್ಟು ದೂರವಿಲ್ಲ. ಇದೇ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ಕೇಂದ್ರ 2017ರ ಮೇ 28ರಂದು ಉದ್ಘಾಟನೆಯಾಯಿತು. ಅದಕ್ಕೂ ಮೊದಲೇ, 2016ರ ನವೆಂಬರ್‌ನಲ್ಲಿ, ರುಸ್ತುಂ-2 ಡ್ರೋನ್ ಅಲ್ಲಿಂದ ಮೊದಲ ಸಲ ಮೇಲೇರಿತ್ತು. ಅದಕ್ಕೆ ತಪಸ್ ಎಂಬ ಹೆಸರೂ ಇದೆ.

ತಲೆಯ ಮೇಲೆ ಹಾರುವುದನ್ನು ಕಂಡವರಿಗೆ ಅದನ್ನು ಕೈಯಲ್ಲಿ ಮಾಡಿ ನೋಡುವ ಆಸೆ ಹುಟ್ಟುವುದು ಸಹಜ. ಸಣ್ಣ ಪ್ಲಾಸ್ಟಿಕ್ ಕಿಟ್ ಜೋಡಿಸಿ ರೂಢಿಯಾದವರು ಮುಂದಿನ ಹೆಜ್ಜೆಯಾಗಿ ದೊಡ್ಡ ರೆಸಿನ್ ಮಾದರಿಗೆ ಕೈ ಹಾಕುತ್ತಾರೆ. ಅಲ್ಲಿಂದ ತೊಡಕು ಶುರು. ಸಣ್ಣದರಲ್ಲಿ ಸರಿಯಿದ್ದ ಲೆಕ್ಕವೇ ದೊಡ್ಡದರಲ್ಲೂ ನಡೆಯುತ್ತದೆ ಎಂಬ ನಂಬಿಕೆಯೇ ಇದಕ್ಕೆಲ್ಲ ಮೂಲ. ಅಳತೆ ಬದಲಾದಾಗ ಆಕಾರ ಮಾತ್ರ ಹಾಗೇ ಉಳಿಯುತ್ತದೆ. ತೂಕ, ಬಲ, ಗಾಳಿ ಇವು ತಂತಮ್ಮ ಲೆಕ್ಕ ಹಿಡಿಯುತ್ತವೆ.

ತಪ್ಪು ಕಲ್ಪನೆ 1: ಮಾದರಿ ವಿಮಾನ ಮಕ್ಕಳ ಆಟಿಕೆ

ಸತ್ಯ: ನಿಜವಾದ ವಿಮಾನಗಳೇ ಮಾದರಿಗಳ ಬೆನ್ನೇರಿ ಬಂದಿವೆ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಜರ್ಮನಿಯ ಕರ್ಟ್ ಟ್ಯಾಂಕ್ ನೇತೃತ್ವದಲ್ಲಿ ಎಚ್‌ಎಫ್-24 ಮಾರುತ್ ರೂಪುಗೊಳ್ಳುತ್ತಿದ್ದಾಗ, ಮೊದಲು ಅದೇ ಅಳತೆಯ ಮರದ ಗ್ಲೈಡರ್ ಒಂದನ್ನು ಕಟ್ಟಿದರು. ಎಕ್ಸ್-241 ಎಂಬ ಹೆಸರಿನ ಅದಕ್ಕೆ ಎಂಜಿನ್ ಇರಲಿಲ್ಲ. 1959ರಲ್ಲಿ ಡಕೋಟಾ ವಿಮಾನ ಅದನ್ನು ಎಳೆದುಕೊಂಡು ಮೇಲೇರಿ ಬಿಡುತ್ತಿತ್ತು. 78 ಸಲ ಹಾರಿ, ರೆಕ್ಕೆಯ ವಿನ್ಯಾಸ ಮತ್ತು ನಿಯಂತ್ರಣದ ಗುಟ್ಟುಗಳನ್ನು ಅದು ಹೇಳಿಕೊಟ್ಟ ಮೇಲೆ, 1961ರ ಜೂನ್ 17ರಂದು ಮಾರುತ್ ಹಾರಿತು.

ಚಳ್ಳಕೆರೆಯಲ್ಲಿ ಈಗ ನಡೆಯುತ್ತಿರುವುದೂ ಬಹುಪಾಲು ಇಂಥದೇ ಕೆಲಸ. 2022ರ ಜುಲೈ 1ರಂದು ಅಲ್ಲಿ ಬಾಲವಿಲ್ಲದ ಒಂದು ಡ್ರೋನ್ ತಾನಾಗಿಯೇ ಹಾರಿ ಇಳಿಯಿತು. ಮುಂದೆ ಬರಲಿರುವ ದೊಡ್ಡ ಯುದ್ಧ ಡ್ರೋನ್‌ಗೆ ಅದು ಚಿಕ್ಕ ಅಳತೆಯ ಪೂರ್ವರೂಪ. 2023ರ ಏಪ್ರಿಲ್ 2ರಂದು ಇಸ್ರೋದ ಮರುಬಳಕೆಯ ವಾಹನವನ್ನು ಚಿನೂಕ್ ಹೆಲಿಕಾಪ್ಟರ್ ಸುಮಾರು 4.5 ಕಿ.ಮೀ. ಎತ್ತರಕ್ಕೆ ಒಯ್ದು ಬಿಟ್ಟಿತು. ಅದು ದಾರಿ ಹುಡುಕಿಕೊಂಡು ಬಂದು ರನ್‌ವೇ ಮೇಲೆ ಇಳಿಯಿತು. ಸುಮಾರು ಆರೂವರೆ ಮೀಟರ್ ಉದ್ದದ ಆ ವಾಹನವೂ ಒಂದು ಲೆಕ್ಕದಲ್ಲಿ ಮಾದರಿಯೇ. ಕಕ್ಷೆಗೆ ಹೋಗಿಬರಬೇಕಾದ ಮುಂದಿನ ವಾಹನ ಇದಕ್ಕಿಂತ ಸುಮಾರು 1.6 ಪಟ್ಟು ದೊಡ್ಡದು.

ತಪ್ಪು ಕಲ್ಪನೆ 2: ಮೂರು ಪಟ್ಟು ದೊಡ್ಡದು ಮಾಡಿದರೆ ತೂಕವೂ ಮೂರು ಪಟ್ಟು

ಸತ್ಯ: ತೂಕ 27 ಪಟ್ಟಾಗುತ್ತದೆ. ಒಂದು ಬೆಂಕಿಪೊಟ್ಟಣದ ಮೂರು ಪಟ್ಟು ಉದ್ದ, ಮೂರು ಪಟ್ಟು ಅಗಲ, ಮೂರು ಪಟ್ಟು ಎತ್ತರದ ಪೆಟ್ಟಿಗೆ ಮಾಡಿದರೆ ಅದರೊಳಗೆ 27 ಪೊಟ್ಟಣ ಹಿಡಿಯುತ್ತವೆ. ಮಾದರಿಯ ಲೆಕ್ಕವೂ ಇದೇ.

ತಪಸ್ ಅನ್ನೇ ತೆಗೆದುಕೊಳ್ಳೋಣ. ಅದರ ರೆಕ್ಕೆಗಳು ತುದಿಯಿಂದ ತುದಿಗೆ 20.6 ಮೀಟರ್, ಉದ್ದ ಸುಮಾರು 9.5 ಮೀಟರ್. 1:72 ಅಳತೆಯಲ್ಲಿ ರೆಕ್ಕೆಗಳ ಹರವು 28.6 ಸೆಂ.ಮೀ. ಆಗುತ್ತದೆ. 1:24ರಲ್ಲಿ ಸುಮಾರು 86 ಸೆಂ.ಮೀ. ಚಿಕ್ಕ ರೆಸಿನ್ ಮಾದರಿ 60 ಗ್ರಾಂ ತೂಗುತ್ತದೆ ಎಂದಿಟ್ಟುಕೊಳ್ಳಿ. ಅದನ್ನೇ ಹಾಗೇ ಹಿಗ್ಗಿಸಿದರೆ ದೊಡ್ಡದು 1,620 ಗ್ರಾಂ. ಬಣ್ಣ ಬಳಿಯಬೇಕಾದ ಮೈ ಮಾತ್ರ ಒಂಬತ್ತು ಪಟ್ಟು. ಹಾಗಾಗಿ ಚಿಕ್ಕದಕ್ಕೆ ಸಾಕಾದ ಒಂದು ಸೀಸೆ ಬಣ್ಣದ ಜಾಗದಲ್ಲಿ ಒಂಬತ್ತು ಸೀಸೆ ಬೇಕು, ಆದರೆ ಚಕ್ರದ ಕಾಲುಗಳು ಹೊರಬೇಕಾದದ್ದು 27 ಪಟ್ಟು ಭಾರ. ಕಾಲಿನ ಅಡ್ಡಗೊಯ್ತ ಒಂಬತ್ತೇ ಪಟ್ಟು ಹೆಚ್ಚುವುದರಿಂದ, ಅದರ ಒಂದೊಂದು ಚದರ ಮಿಲಿಮೀಟರ್ ಮೇಲೂ ಒತ್ತಡ ಮೂರು ಪಟ್ಟು ಬೀಳುತ್ತದೆ. ಅದಕ್ಕಾಗಿಯೇ ದೊಡ್ಡ ಮಾದರಿಯಲ್ಲಿ ರೆಸಿನ್ ಕಾಲು ನಿಲ್ಲುವುದಿಲ್ಲ. ಹಿತ್ತಾಳೆ ಅಥವಾ ಉಕ್ಕಿನ ಸರಳು ಬೇಕು. ಒಡಲನ್ನೂ ಗಟ್ಟಿಯಾಗಿ ತುಂಬಿಸದೆ ಟೊಳ್ಳಾಗಿ ಎರಕ ಹೊಯ್ಯುವುದು ಇದೇ ಕಾರಣಕ್ಕೆ.

ತಪ್ಪು ಕಲ್ಪನೆ 3: ಪ್ಲಾಸ್ಟಿಕ್ ಕಿಟ್‌ಗೆ ಹಿಡಿದ ಅಂಟು ಇದಕ್ಕೂ ಹಿಡಿಯುತ್ತದೆ

ಸತ್ಯ: ಹಿಡಿಯುವುದಿಲ್ಲ. ಅಂಗಡಿಯ ಸಾಮಾನ್ಯ ಕಿಟ್‌ಗಳು ಪಾಲಿಸ್ಟೈರೀನ್‌ನವು. ಅವುಗಳ ಅಂಟು ನಿಜವಾಗಿ ದ್ರಾವಕ. ಎರಡೂ ಬದಿಯ ಪ್ಲಾಸ್ಟಿಕ್ ಕರಗಿಸಿ ಒಂದಾಗಿಸುತ್ತದೆ. ಎರಕದ ಮಾದರಿಗಳಲ್ಲಿ ಬಳಸುವ ಪಾಲಿಯುರೆಥೇನ್ ಒಮ್ಮೆ ಗಟ್ಟಿಯಾದರೆ ಆ ದ್ರಾವಕಕ್ಕೆ ಕರಗುವುದಿಲ್ಲ. ಸಣ್ಣ ಭಾಗಗಳಿಗೆ ಸೂಪರ್ ಗ್ಲೂ, ಭಾರ ಹೊರುವ ಕಡೆ ಎರಡು ಟ್ಯೂಬಿನ ಎಪಾಕ್ಸಿ, ಅದರ ಜೊತೆಗೆ ಒಳಗೊಂದು ಲೋಹದ ಮೊಳೆ ಇರಲೇಬೇಕು. ಬರೀ ಅಂಟಿನ ಮೇಲೆ ರೆಕ್ಕೆಯನ್ನು ನೇತು ಹಾಕಿದರೆ ಒಂದಲ್ಲ ಒಂದು ದಿನ ಅದು ಕೆಳಗಿರುತ್ತದೆ.

ಅಂಟು ಹಿಡಿಯದಿರಲು ಇನ್ನೊಂದು ಕಾರಣವಿದೆ. ಎರಕ ಸುಲಭವಾಗಿ ಬಿಡಲಿ ಎಂದು ಸಿಲಿಕೋನ್ ರಬ್ಬರಿನ ಅಚ್ಚಿಗೆ ಒಂದು ಜಾರುವ ಲೇಪ ಸವರಿರುತ್ತಾರೆ. ಅದು ಭಾಗಗಳ ಮೈಗೂ ಅಂಟಿಕೊಂಡು ಬರುತ್ತದೆ. ಡಬ್ಬಿ ಬಿಚ್ಚಿದ ಕೂಡಲೇ ಪಾತ್ರೆ ತೊಳೆಯುವ ಸೋಪು, ಉಗುರುಬೆಚ್ಚಗಿನ ನೀರು, ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು ತೊಳೆಯಬೇಕು. ಇದನ್ನು ಬಿಟ್ಟವರ ಬಣ್ಣ, ಟೇಪು ಕೀಳುವಾಗ ಹಾಳೆ ಹಾಳೆಯಾಗಿ ಎದ್ದು ಬರುತ್ತದೆ.

ತಪ್ಪು ಕಲ್ಪನೆ 4: ಗಟ್ಟಿಯಾಗಿಸುವ ದ್ರವ ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುತ್ತದೆ

ಸತ್ಯ: ಸುಣ್ಣ ಹೆಚ್ಚಾದರೆ ಬಾಯಿ ಸುಡುವುದಷ್ಟೇ, ಎಲೆ ರುಚಿಯಾಗುವುದಿಲ್ಲ. ರೆಸಿನ್ನಿನ ಎರಡು ದ್ರವಗಳ ಪ್ರಮಾಣ ತಯಾರಕರು ಹೇಳಿದಷ್ಟೇ ಇರಬೇಕು. ಒಂದರ ಅಣುಗಳು ಇನ್ನೊಂದರ ಅಣುಗಳನ್ನು ಹಿಡಿದುಕೊಂಡೇ ಗಟ್ಟಿಯಾಗುವುದು. ಜೊತೆ ಸಿಗದೆ ಉಳಿದದ್ದು ಒಳಗೇ ಮೆತ್ತಗೆ ಉಳಿದುಬಿಡುತ್ತದೆ. ಕಣ್ಣಂದಾಜು ಬೇಡ, ಗ್ರಾಂ ತೋರಿಸುವ ತಕ್ಕಡಿ ಬೇಕು.

ದೊಡ್ಡ ಮಾದರಿಯವರು ತಿಳಿಯಬೇಕಾದ ಇನ್ನೊಂದು ಸಂಗತಿ ಕಾವು. ಗಟ್ಟಿಯಾಗುವಾಗ ರೆಸಿನ್ ಬಿಸಿಯಾಗುತ್ತದೆ. ಅಗಲ ತಟ್ಟೆಯಲ್ಲಿ ಹರಡಿದ್ದರೆ ಶಾಖ ಆರಿಹೋಗುತ್ತದೆ. ಆಳದ ಲೋಟದಲ್ಲಿ ತುಂಬಿಟ್ಟ ಎಪಾಕ್ಸಿ ತನ್ನ ಕಾವಿಗೆ ತಾನೇ ಕುದಿದು ಹೊಗೆಯಾಡಬಲ್ಲದು. ದೊಡ್ಡ ಭಾಗವನ್ನು ಪದರ ಪದರವಾಗಿ ಹೊಯ್ಯಬೇಕು. ಪಾಲಿಯುರೆಥೇನ್‌ಗೆ ತೇವವೂ ಆಗದು. ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಗಾಳಿಯ ನೀರಿನಂಶದೊಂದಿಗೆ ಕೂಡಿ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ, ಎರಕದ ತುಂಬ ಗುಳ್ಳೆ.

ತಪ್ಪು ಕಲ್ಪನೆ 5: ಗಟ್ಟಿಯಾದ ರೆಸಿನ್ ಬಗ್ಗುವುದಿಲ್ಲ, ಬಗ್ಗಿದರೆ ಬಿಸಾಡಬೇಕು

ಸತ್ಯ: ಎರಡೂ ತಪ್ಪು. ಒಂದೇ ಆಕಾರದ ರೆಕ್ಕೆಯನ್ನು ಒಂದೇ ವಸ್ತುವಿನಲ್ಲಿ ಮೂರು ಪಟ್ಟು ದೊಡ್ಡದು ಮಾಡಿದರೆ ಅದು ತನ್ನ ಭಾರಕ್ಕೆ ತಾನು ಜೋಲುವುದು ಒಂಬತ್ತು ಪಟ್ಟಾಗುತ್ತದೆ. ತಪಸ್‌ನ ರೆಕ್ಕೆ ಉದ್ದವಾಗಿ, ಸಪೂರವಾಗಿ ಇರುವುದರಿಂದ 1:24ರಲ್ಲಿ ಒಂದೊಂದು ಬದಿಗೂ 40 ಸೆಂ.ಮೀ. ಮೀರಿ ಚಾಚಿಕೊಳ್ಳುತ್ತದೆ. ಮೊದಲ ದಿನ ನೇರವಾಗಿ ಕಂಡರೂ ತಿಂಗಳು ಕಳೆದಂತೆ ತುದಿ ನಿಧಾನವಾಗಿ ಇಳಿಯುತ್ತದೆ. ಬಯಲುಸೀಮೆಯ ಏಪ್ರಿಲ್ ಬಿಸಿಲು ಇದಕ್ಕೆ ಇನ್ನಷ್ಟು ನೆರವಾಗುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟರಂತೂ ಗಂಟೆಗಳಲ್ಲೇ ಕೆಲಸ ಕೆಡುತ್ತದೆ. ಒಂದು ತುದಿಯ ಹತ್ತಿರದಿಂದ ಒಡಲನ್ನು ದಾಟಿ ಇನ್ನೊಂದು ತುದಿಯ ಹತ್ತಿರಕ್ಕೆ ಹೋಗುವ ಒಂದೇ ಉಕ್ಕಿನ ಸರಳನ್ನು ಒಳಗೆ ಕೂರಿಸುವುದೇ ಪರಿಹಾರ.

ಸಾಗಾಟದಲ್ಲಿ ಸೊಟ್ಟಗಾಗಿ ಬಂದ ಭಾಗವನ್ನು ಬಿಸಾಡಬೇಕಿಲ್ಲ. ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಮುಳುಗಿಸಿ, ಮೆತ್ತಗಾದಾಗ ಗಾಜಿನ ಹಲಗೆಯ ಮೇಲೆ ನೇರ ಮಾಡಿ, ಹಾಗೇ ಹಿಡಿದು ತಣ್ಣೀರು ಸುರಿದರೆ ಆ ಆಕಾರದಲ್ಲೇ ನಿಲ್ಲುತ್ತದೆ.

ತಪ್ಪು ಕಲ್ಪನೆ 6: ಮೂಗಿಗೆ ಒಂದಿಷ್ಟು ಭಾರ ತುಂಬಿದರೆ ಸಾಕು

ಸತ್ಯ: ಮೂಗಿನಡಿ ಚಕ್ರವಿರುವ ಮಾದರಿಗಳು ಹಿಂದಕ್ಕೆ ವಾಲಿ ಬಾಲದ ಮೇಲೆ ಕೂರುತ್ತವೆ. "ಒಂದಿಷ್ಟು" ಎಷ್ಟು ಎಂಬುದಕ್ಕೆ ಲೆಕ್ಕವಿದೆ. ಮಾದರಿ 1,600 ಗ್ರಾಂ ಇದ್ದು, ಅದರ ತೂಕದ ಕೇಂದ್ರ ಹಿಂದಿನ ಚಕ್ರಗಳಿಗಿಂತ 2 ಸೆಂ.ಮೀ. ಹಿಂದಿದೆ ಎನ್ನೋಣ. ಭಾರವನ್ನು ಚಕ್ರಗಳಿಗಿಂತ 16 ಸೆಂ.ಮೀ. ಮುಂದೆ ಇಡುವುದಾದರೆ 1,600ನ್ನು 2ರಿಂದ ಗುಣಿಸಿ 16ರಿಂದ ಭಾಗಿಸಿ: 200 ಗ್ರಾಂ. ಇದು ಸಮತೂಕಕ್ಕೆ ಮಾತ್ರ, ಭದ್ರವಾಗಿ ನಿಲ್ಲಲು ಇನ್ನೂ ಸ್ವಲ್ಪ ಬೇಕು. ಮೀನು ಬಲೆಗೆ ಕಟ್ಟುವ ಸೀಸದ ಗುಂಡು ಇದಕ್ಕೆ ಹೇಳಿ ಮಾಡಿಸಿದಂತಿದೆ. ಮುಟ್ಟಿದ ಮೇಲೆ ಕೈ ತೊಳೆಯಬೇಕು, ಮಕ್ಕಳ ಕೈಗೆ ಕೊಡಬಾರದು. ಒಡಲನ್ನು ಮುಚ್ಚಿ ಅಂಟಿಸುವ ಮೊದಲೇ ಈ ಲೆಕ್ಕ ಮುಗಿದಿರಬೇಕು, ಆಮೇಲೆ ಒಳಗೆ ದಾರಿಯಿಲ್ಲ.

ತಪ್ಪು ಕಲ್ಪನೆ 7: ಇಷ್ಟು ದೊಡ್ಡದಿದ್ದರೆ ಮೋಟಾರ್ ಹಾಕಿ ಹಾರಿಸಬಹುದು

ಸತ್ಯ: ಪ್ರದರ್ಶನದ ರೆಸಿನ್ ಮಾದರಿ ಹಾರುವುದಕ್ಕಲ್ಲ. ತಪಸ್‌ನ ತೂಕ ಸುಮಾರು 2,850 ಕೆ.ಜಿ. ಎಂದು ವರದಿಯಾಗಿದೆ. 1:24 ಅಳತೆಗೆ ನ್ಯಾಯವಾಗಿ ಇಳಿಸಲು 24ನ್ನು ಮೂರು ಸಲ ಗುಣಿಸಿ ಬರುವ 13,824ರಿಂದ ಭಾಗಿಸಬೇಕು. ಉತ್ತರ ಸುಮಾರು 206 ಗ್ರಾಂ. ನಮ್ಮ ರೆಸಿನ್ ಮಾದರಿ ಅದರ ಎಂಟು ಪಟ್ಟು ಭಾರ. ಅಷ್ಟೇ ರೆಕ್ಕೆಯಲ್ಲಿ ಎಂಟು ಪಟ್ಟು ಭಾರ ಎತ್ತಬೇಕಾದರೆ ಸುಮಾರು 2.8 ಪಟ್ಟು ವೇಗ ಬೇಕು. ಸಾಲದ್ದಕ್ಕೆ ಚಿಕ್ಕ ರೆಕ್ಕೆಯ ಮೇಲೆ ಗಾಳಿ ಹರಿಯುವ ರೀತಿಯೂ ಬೇರೆ. ದೊಡ್ಡ ವಿಮಾನದ ರೆಕ್ಕೆಯನ್ನೇ ಕುಗ್ಗಿಸಿದರೆ ಎತ್ತುವ ಶಕ್ತಿ ಅದೇ ಪ್ರಮಾಣದಲ್ಲಿ ಸಿಗುವುದಿಲ್ಲ. ತೂಕದ ಕಾಟ ನಿಜವಾದ ತಪಸ್‌ಗೂ ತಪ್ಪಲಿಲ್ಲ. ನಿಗದಿಗಿಂತ ಭಾರವಾದದ್ದು ಅದರ ಎತ್ತರ ಮತ್ತು ಹಾರಾಟದ ಅವಧಿ ಎರಡನ್ನೂ ಕಡಿಮೆ ಮಾಡಿತು.

ಹಾರಿಸುವ ಆಸೆಯಿದ್ದರೆ ಬಾಲ್ಸಾ ಮರ, ಫೋಮ್, ತೆಳು ಗಾಜಿನ ನಾರು ಹಿಡಿಯಬೇಕು. ಹವ್ಯಾಸಕ್ಕೆ, ಕಲಿಕೆಗೆ ಕಣ್ಣಳತೆಯಲ್ಲಿ ಹಾರಿಸುವ 25 ಕೆ.ಜಿ. ಒಳಗಿನ ಮಾದರಿಗಳಿಗೆ 2021ರ ಡ್ರೋನ್ ನಿಯಮಗಳಲ್ಲಿ ಪ್ರತ್ಯೇಕ ವ್ಯಾಖ್ಯೆಯಿದೆ. ಆದರೆ ನಿರ್ಬಂಧಿತ ವಾಯುಪ್ರದೇಶದ ನಿಯಮ ಅವುಗಳಿಗೂ ಅನ್ವಯಿಸುತ್ತದೆ. ಪರೀಕ್ಷಾ ಕೇಂದ್ರವಿರುವ ಜಿಲ್ಲೆಯಲ್ಲಿ ನಕ್ಷೆ ನೋಡದೆ ಏನನ್ನೂ ಮೇಲೆ ಬಿಡಬಾರದು.

ತಪ್ಪು ಕಲ್ಪನೆ 8: ರೆಸಿನ್ ಶೋಕೇಸಿನ ವಸ್ತು, ನಿಜವಾದ ವಿಮಾನ ಎಂದರೆ ಲೋಹ

ಸತ್ಯ: ತೇಜಸ್ ಯುದ್ಧವಿಮಾನದ ಒಡಲಿನ ತೂಕದಲ್ಲಿ ಸುಮಾರು ಶೇಕಡಾ 45 ಸಂಯುಕ್ತ ವಸ್ತುಗಳದು. ಅಂದರೆ ರೆಸಿನ್‌ನಲ್ಲಿ ನೆನೆದು ಗಟ್ಟಿಯಾದ ಇಂಗಾಲದ ನಾರು. ಬೆಂಗಳೂರಿನ ಎನ್‌ಎಎಲ್‌ನ ಹಂಸ ತರಬೇತಿ ವಿಮಾನವೂ ಸಂಯುಕ್ತ ವಸ್ತುವಿನದೇ. ವ್ಯತ್ಯಾಸ ಇರುವುದು ನಾರಿನಲ್ಲಿ. ನಾರಿಲ್ಲದ ರೆಸಿನ್ ಪೆಡಸು, ನಾರು ಸೇರಿದರೆ ಅದೇ ಯುದ್ಧವಿಮಾನದ ಚರ್ಮ.

ತಪ್ಪು ಕಲ್ಪನೆ 9: ಉಜ್ಜಿದ ಪುಡಿ ಬರೀ ಧೂಳು

ಸತ್ಯ: ಅದಿರು ಲಾರಿಯ ಧೂಳು ಕಂಡ ಊರಿನವರಿಗೆ ಧೂಳನ್ನು ಹಗುರವಾಗಿ ಎಣಿಸಬೇಡಿ ಎಂದು ಹೇಳಬೇಕಾಗಿಲ್ಲ. ರೆಸಿನ್ ಪುಡಿ ಬಹಳ ನುಣುಪು, ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಮರಳು ಕಾಗದವನ್ನು ನೀರಿನಲ್ಲಿ ಅದ್ದಿ ಉಜ್ಜಬೇಕು. ಬಟ್ಟೆಯ ಮಾಸ್ಕ್ ಸಾಲದು, ಕಣಗಳನ್ನು ತಡೆಯುವ ಎನ್-95 ಮಾಸ್ಕ್ ಬೇಕು. ದ್ರವ ರೂಪದಲ್ಲಿರುವಾಗ ನೈಟ್ರೈಲ್ ಕೈಗವಸು ಮತ್ತು ಗಾಳಿಯಾಡುವ ಜಾಗ ಇರಲೇಬೇಕು. ಎಪಾಕ್ಸಿ ಪದೇ ಪದೇ ಚರ್ಮಕ್ಕೆ ತಾಗಿದರೆ ಅಲರ್ಜಿ ಬರಬಹುದು, ಒಮ್ಮೆ ಬಂದರೆ ಮುಂದೆ ಸ್ವಲ್ಪ ತಾಗಿದರೂ ಏಳುತ್ತದೆ.

ತಪ್ಪು ಕಲ್ಪನೆ 10: ದೊಡ್ಡ ಮಾದರಿಯಲ್ಲಿ ಸಣ್ಣ ತಪ್ಪು ಕಾಣುವುದಿಲ್ಲ

ಸತ್ಯ: ಹೆಚ್ಚೇ ಕಾಣುತ್ತದೆ. 1:24ರಲ್ಲಿ ಅರ್ಧ ಮಿ.ಮೀ. ಬಿರುಕು ನಿಜವಾದ ವಿಮಾನದಲ್ಲಿ 12 ಮಿ.ಮೀ. ಕಂದಕ. ತಗಡುಗಳ ಸಂದು ತೋರಿಸುವ ಗೆರೆಯನ್ನು ಅಷ್ಟು ಅಗಲ ಕೊರೆದರೆ ಬೆರಳು ಹೋಗುವಷ್ಟು ಜಾಗ ಬಿಟ್ಟ ವಿಮಾನವಾಗುತ್ತದೆ. ಬೂದು ಬಣ್ಣದ ಪ್ರೈಮರ್ ಒಂದು ತೆಳು ಪದರ ಹೊಡೆದರೆ ಎಲ್ಲ ಗೀರು, ಗುಳ್ಳೆ ಎದ್ದು ಕಾಣುತ್ತವೆ. ಅವನ್ನು ತುಂಬಿ, ಉಜ್ಜಿ, ಮತ್ತೆ ಪ್ರೈಮರ್ ಹೊಡೆಯಬೇಕು.

ಕೊನೆಯದಾಗಿ ಒಂದು ವ್ಯಾವಹಾರಿಕ ಮಾತು. 86 ಸೆಂ.ಮೀ. ರೆಕ್ಕೆ ಅಡ್ಡಲಾಗಿ ಹಿಡಿದರೆ ಎರಡೂವರೆ ಅಡಿಯ ಬಾಗಿಲು ದಾಟುವುದಿಲ್ಲ, ಬಸ್ಸಿನ ಸೀಟಿನಲ್ಲಿ ಕೂರುವುದಿಲ್ಲ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಒಯ್ಯುವ ಯೋಚನೆಯಿದ್ದರೆ ರೆಕ್ಕೆಗಳನ್ನು ಅಂಟಿಸದೆ, ಒಡಲಿನಲ್ಲಿ ಹಿತ್ತಾಳೆ ಕೊಳವೆ ಕೂರಿಸಿ, ಅದರೊಳಗೆ ಉಕ್ಕಿನ ಸರಳು ಜಾರಿಸಿ ಕಳಚುವಂತೆ ಮಾಡಿ. ಈ ನಿರ್ಧಾರ ಮೊದಲ ತುಂಡು ಕತ್ತರಿಸುವ ಮೊದಲೇ ಆಗಬೇಕು.