ತಡೆತಡೆದು ಓಡುವ ಲಾರಿ

ದಾವಣಗೆರೆಯಲ್ಲಿ ಅಕ್ಕಿ ಹೇರಿದ ಲಾರಿ, ಸುಮಾರು 14 ಕಿ.ಮೀ. ದೂರದ ಹರಿಹರ ಸೇರುವುದರೊಳಗೆ ಎರಡು ಬಾರಿ ಮುಗ್ಗರಿಸಿ, ಗ್ಯಾರೇಜಿನಲ್ಲಿ ಮಾತ್ರ ಸರಿಯಾಗಿ ಓಡಿದರೆ, ಮಾಲೀಕರು ಕೂಡಲೇ ಡೀಸೆಲ್ ಪಂಪಿನ ದುರಸ್ತಿಗೆ ಒಪ್ಪಬಾರದು. ಇಂತಹ ಬಿಲ್ಲುಗಳು ಒಂದೇ ವಾಹನದ ಖಾತೆಯಲ್ಲಿ ಪುನಃ ಪುನಃ ಕಾಣಸಿಗುತ್ತವೆ.

ಭಾರ ಹೇರಿದಾಗ ಮಾತ್ರ ಎಂಜಿನ್ ಸೊರಗಿದರೆ ಡೀಸೆಲ್ ಫಿಲ್ಟರ್ ಕಟ್ಟಿರುವ ಸಂಭವ ಹೆಚ್ಚು. ತಾಸು ಹೊತ್ತು ಓಡಿ ನಿಂತ ಎಂಜಿನ್, ಟ್ಯಾಂಕಿನ ಮುಚ್ಚಳ ತೆರೆದೊಡನೆ ಚೇತರಿಸಿಕೊಂಡರೆ ಮುಚ್ಚಳದ ಗಾಳಿರಂಧ್ರವನ್ನು ಶಂಕಿಸಬೇಕು. ಡೀಸೆಲ್ ಇಳಿದಂತೆ ಒಳಗೆ ಗಾಳಿಯ ಒತ್ತಡ ಕುಗ್ಗಿ ಪೂರೈಕೆ ತಡೆಯುತ್ತದೆ. ರಾತ್ರಿ ನಿಂತ ಲಾರಿ ಬೆಳಿಗ್ಗೆ ತಡವರಿಸಿದರೆ ಕೊಳವೆಯ ಜೋಡಣೆಯಲ್ಲಿ ಗಾಳಿ ಸೇರುತ್ತಿರಬಹುದು. 2020ರ ಏಪ್ರಿಲ್‌ನಿಂದ ಕಡ್ಡಾಯವಾದ ಬಿಎಸ್-6 ವಾಹನಗಳಲ್ಲಿ ಮೊದಲು ಸ್ಕ್ಯಾನರಿನಿಂದ ಕೋಡ್ ಓದಿಸತಕ್ಕದ್ದು.

ಮುಗ್ಗರಿಸಿದ ಪ್ರತಿ ಸಲವೂ ಭಾರ, ವೇಗ, ಟ್ಯಾಂಕಿನ ಮಟ್ಟಗಳನ್ನು ಚಾಲಕನಿಂದ ಟ್ರಿಪ್ ಶೀಟಿನಲ್ಲಿ ಬರೆಸಿರಿ. ಮೆಕ್ಯಾನಿಕ್‌ನಿಗೆ ಬೇಕಾದ ಸಾಕ್ಷ್ಯ ಅದೇ. ಬಿಲ್ಲಿನಲ್ಲಿ ಬಿಡಿಭಾಗ, ಕೂಲಿಗಳನ್ನು ಬೇರೆ ಬೇರೆ ನಮೂದಿಸಿಕೊಳ್ಳಿರಿ.