ಹಳೆಯ ಕಾರಿನ ಮೈಲೇಜ್: ಗ್ಯಾರೇಜಿಗೆ ಹೋಗುವ ಮುನ್ನ ತಿಳಿದಿರಲಿ

ಬೆಂಗಳೂರು: ಮಧ್ಯಮ ವರ್ಗದ ಮೊದಲ ಕಾರು ಎನಿಸಿಕೊಂಡ ಮಾರುತಿ 800 ರಸ್ತೆಗಿಳಿದದ್ದು 1983ರ ಡಿಸೆಂಬರ್‌ನಲ್ಲಿ. 2014ರ ಜನವರಿಯಲ್ಲಿ ಅದರ ಉತ್ಪಾದನೆಯೇ ನಿಂತುಹೋಯಿತು. ಭಾರತ್ ಸ್ಟೇಜ್ 4 ಮಾಲಿನ್ಯ ನಿಯಮ ಜಾರಿಗೆ ಬಂದ ಕಾರಣ ಬೆಂಗಳೂರು ಸೇರಿದಂತೆ ಪ್ರಮುಖ ನಗರಗಳಲ್ಲಿ ಅದರ ಮಾರಾಟ 2010ರ ಏಪ್ರಿಲ್‌ನಲ್ಲಿಯೇ ಸ್ಥಗಿತಗೊಂಡಿತ್ತು. ಅಂದರೆ ರಾಜಧಾನಿಯಲ್ಲಿ ಹೊಸದಾಗಿ ಮಾರಾಟವಾದ ಮಾರುತಿ 800 ಕಾರುಗಳೆಲ್ಲವೂ ಈಗ 15 ವರ್ಷದ ಗಡಿ ದಾಟಿವೆ. ಅದೇ ಕಾಲದ ಝೆನ್, ಸ್ಯಾಂಟ್ರೋ, ಹಳೆಯ ಆಲ್ಟೋಗಳ ಕಥೆಯೂ ಇದಕ್ಕಿಂತ ಭಿನ್ನವಲ್ಲ.

ಇಂಥ ಕಾರನ್ನು ಇಟ್ಟುಕೊಳ್ಳಬೇಕೇ, ಗುಜರಿಗೆ ಹಾಕಬೇಕೇ ಎಂಬ ಪ್ರಶ್ನೆ ಅನೇಕ ಕುಟುಂಬಗಳನ್ನು ಕಾಡುತ್ತಿದೆ. 15 ವರ್ಷ ಮೀರಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5 ಸಾವಿರ ರೂ.ಗೆ ಏರಿತು. 20 ವರ್ಷ ಮೀರಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ ಅದನ್ನು 10 ಸಾವಿರ ರೂ.ಗೆ ಹೆಚ್ಚಿಸಲಾಯಿತು. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಮಾರಾಟ ತೆರಿಗೆ ಏರಿಸಿದ ಬಳಿಕ ನಗರದಲ್ಲಿ ಪೆಟ್ರೋಲ್ ದರ ಲೀಟರ್‌ಗೆ 102 ರೂ. ದಾಟಿತು. ಇದರ ನಡುವೆ ಕಾರು ಮೈಲೇಜನ್ನೂ ಕೊಡದಿದ್ದರೆ ಮಾಲೀಕರು ಕೈಚೆಲ್ಲುವುದು ಸಹಜ.

ಆದರೆ ಮೈಲೇಜ್ ಕುಸಿತಕ್ಕೆ ಪ್ರತಿ ಬಾರಿಯೂ ಎಂಜಿನ್ನಿನ ವಯಸ್ಸೇ ಕಾರಣವಾಗಿರುವುದಿಲ್ಲ. ಬಹುತೇಕ ಸಂದರ್ಭಗಳಲ್ಲಿ ಸಣ್ಣಪುಟ್ಟ ದೋಷಗಳು ಒಟ್ಟುಗೂಡಿ ಪೆಟ್ರೋಲ್ ಕುಡಿಯುತ್ತಿರುತ್ತವೆ. ಅವುಗಳನ್ನು ಅಗ್ಗದ್ದರಿಂದ ಆರಂಭಿಸಿ ಒಂದೊಂದಾಗಿ ಪರಿಶೀಲಿಸುವುದೇ ಜಾಣತನ.

ಮೊದಲು ಲೆಕ್ಕ, ಆಮೇಲೆ ರಿಪೇರಿ

'ಮೈಲೇಜ್ ಬರುತ್ತಿಲ್ಲ' ಎಂಬ ದೂರು ಹೆಚ್ಚಾಗಿ ಅಂದಾಜಿನದು. ಹಳೆಯ ಕಾರಿನ ಪೆಟ್ರೋಲ್ ಮುಳ್ಳನ್ನು ನಂಬುವಂತಿಲ್ಲ. ಟ್ಯಾಂಕ್ ಪೂರ್ತಿ ತುಂಬಿಸಿ, ಓಡಿದ ಕಿಲೋಮೀಟರ್ ಬರೆದಿಟ್ಟುಕೊಳ್ಳಬೇಕು. ಮುಂದಿನ ಬಾರಿ ಅದೇ ಬಂಕ್‌ನಲ್ಲಿ ಮತ್ತೆ ಪೂರ್ತಿ ತುಂಬಿಸಿ, ಓಡಿದ ದೂರವನ್ನು ಈಗ ಹಾಕಿಸಿದ ಲೀಟರ್‌ಗಳಿಂದ ಭಾಗಿಸಬೇಕು. ಹೀಗೆ ಮೂರು ಬಾರಿ ಮಾಡಿ ಸರಾಸರಿ ತೆಗೆದರೆ ನಿಜವಾದ ಅಂಕಿ ದೊರೆಯುತ್ತದೆ.

ಈ ಅಂಕಿಯ ಮಹತ್ವ ತಿಳಿಯಲು ಒಂದು ಉದಾಹರಣೆ ಸಾಕು. ತಿಂಗಳಿಗೆ 800 ಕಿ.ಮೀ. ಓಡುವ ಕಾರು ಲೀಟರ್‌ಗೆ 14 ಕಿ.ಮೀ. ಕೊಟ್ಟರೆ ಸುಮಾರು 57 ಲೀಟರ್ ಪೆಟ್ರೋಲ್ ಬೇಕು. ಅದೇ ಕಾರು 17 ಕಿ.ಮೀ. ಕೊಟ್ಟರೆ 47 ಲೀಟರ್ ಸಾಕು. ಲೀಟರ್‌ಗೆ 103 ರೂ. ಎಂದು ಹಿಡಿದರೂ ವರ್ಷಕ್ಕೆ ಉಳಿಯುವ ಹಣ 12 ಸಾವಿರ ರೂ.ಗೂ ಅಧಿಕ.

ಗಾಳಿಯಿಂದಲೇ ಆರಂಭ

ಟೈರ್‌ನಲ್ಲಿ ಗಾಳಿ ಕಡಿಮೆಯಾದಷ್ಟೂ ಅದು ರಸ್ತೆಗೆ ಹೆಚ್ಚು ಅಂಟಿಕೊಂಡು ಉರುಳುತ್ತದೆ. ಆ ಪ್ರತಿರೋಧವನ್ನು ಮೀರಲು ಎಂಜಿನ್ ಹೆಚ್ಚು ಇಂಧನ ಸುಡಬೇಕಾಗುತ್ತದೆ. ಅಮೆರಿಕದ ಇಂಧನ ಇಲಾಖೆಯ ಲೆಕ್ಕಾಚಾರದ ಪ್ರಕಾರ ನಾಲ್ಕೂ ಟೈರ್‌ಗಳ ಸರಾಸರಿ ಒತ್ತಡ ಒಂದು ಪೌಂಡ್ ಇಳಿದರೆ ಮೈಲೇಜ್ ಸುಮಾರು ಶೇ.0.2ರಷ್ಟು ಕುಸಿಯುತ್ತದೆ. ಪಂಕ್ಚರ್ ಆಗದಿದ್ದರೂ ಟೈರ್ ತಿಂಗಳಿಗೆ ಸುಮಾರು ಒಂದು ಪೌಂಡ್ ಗಾಳಿ ಕಳೆದುಕೊಳ್ಳುವುದುಂಟು. ಹೀಗಾಗಿ ಹದಿನೈದು ದಿನಕ್ಕೊಮ್ಮೆ, ಟೈರ್ ತಣ್ಣಗಿರುವಾಗ ಗಾಳಿ ಪರೀಕ್ಷಿಸಬೇಕು. ಎಷ್ಟಿರಬೇಕೆಂಬುದನ್ನು ಬಂಕ್‌ನ ಹುಡುಗನ ಅಂದಾಜಿಗೆ ಬಿಡದೆ, ಕಾರಿನ ಕೈಪಿಡಿ ನೋಡಿ ತಿಳಿಯುವುದು ಒಳಿತು.

ಇದೇ ವೇಳೆ ಬ್ರೇಕ್ ಹಿಡಿದುಕೊಂಡಿದೆಯೇ ಎಂಬುದನ್ನೂ ನೋಡಬೇಕು. ಸಮತಟ್ಟಾದ ಜಾಗದಲ್ಲಿ ಕಾರನ್ನು ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಇಳಿಸಿ ತಳ್ಳಿದರೆ ಅದು ಹಗುರವಾಗಿ ಸರಿಯಬೇಕು. ಅರ್ಧ ಗಂಟೆಯ ಓಡಾಟದ ಬಳಿಕ ಒಂದು ಚಕ್ರ ಮಾತ್ರ ಉಳಿದವಕ್ಕಿಂತ ಹೆಚ್ಚು ಬಿಸಿಯಾಗಿದ್ದರೆ ಅಲ್ಲಿ ಬ್ರೇಕ್ ಉಜ್ಜುತ್ತಿದೆ ಎಂದೇ ಅರ್ಥ. ಇದು ಮೈಲೇಜಿನದಷ್ಟೇ ಅಲ್ಲ, ಸುರಕ್ಷತೆಯ ಪ್ರಶ್ನೆಯೂ ಹೌದು.

ಏರ್ ಫಿಲ್ಟರ್: ಅರ್ಧ ಸತ್ಯ

ಏರ್ ಫಿಲ್ಟರ್ ಬದಲಿಸಿದರೆ ಮೈಲೇಜ್ ಏರುತ್ತದೆ ಎಂಬುದು ಎಲ್ಲ ಗ್ಯಾರೇಜ್‌ಗಳಲ್ಲೂ ಕೇಳಿಬರುವ ಮಾತು. ಕಾರ್ಬೊರೇಟರ್ ಇರುವ ಕಾರುಗಳ ಮಟ್ಟಿಗೆ ಅದು ನಿಜ. ಮಾರುತಿ 800ರಲ್ಲಿ 2000ದ ಆಸುಪಾಸಿನವರೆಗೆ ಇದ್ದದ್ದು ಕಾರ್ಬೊರೇಟರ್. ಫಿಲ್ಟರ್ ಕಟ್ಟಿಕೊಂಡಾಗ ಗಾಳಿ ಕಡಿಮೆಯಾಗಿ, ಪೆಟ್ರೋಲಿನ ಪಾಲು ಹೆಚ್ಚುತ್ತದೆ. ಆದರೆ ಎಂಪಿಎಫ್ಐ ಕಾರುಗಳಲ್ಲಿ ಒಳಬರುವ ಗಾಳಿಗೆ ತಕ್ಕಂತೆ ಕಂಪ್ಯೂಟರ್ ಪೆಟ್ರೋಲನ್ನು ಅಳೆಯುತ್ತದೆ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ಕಾರುಗಳ ಫಿಲ್ಟರ್ ಕೊಳೆಯಾದಾಗ ಎಳೆತ ಕುಂದಿತೇ ಹೊರತು ಮೈಲೇಜಿನಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದರೂ ಎಂಜಿನ್ನಿನೊಳಗೆ ಧೂಳು ಸೇರದಿರಲು ಫಿಲ್ಟರ್ ಬದಲಾವಣೆ ಅಗತ್ಯವೇ.

ಸ್ಪಾರ್ಕ್ ಪ್ಲಗ್ ವಿಷಯದಲ್ಲಿ ಇಂಥ ಭೇದವಿಲ್ಲ. ಮಾರುತಿ 800ರ 796 ಸಿಸಿ ಎಂಜಿನ್‌ಗೆ ಇರುವುದು ಮೂರೇ ಸಿಲಿಂಡರ್. ಒಂದರಲ್ಲಿ ಕಿಡಿ ಸರಿಯಾಗಿ ಹೊತ್ತದಿದ್ದರೆ ಮೂರನೇ ಒಂದು ಭಾಗದಷ್ಟು ಶಕ್ತಿಗೇ ಪೆಟ್ಟು. ಪ್ಲಗ್‌ನ ತುದಿಯಲ್ಲಿ ಒಣ ಕಪ್ಪು ಮಸಿ ಕಂಡರೆ ಪೆಟ್ರೋಲ್ ಹೆಚ್ಚು ಹೋಗುತ್ತಿದೆ ಎಂದರ್ಥ. ತಿಳಿ ಕಂದು ಬಣ್ಣ ಆರೋಗ್ಯದ ಲಕ್ಷಣ. ಕಾರ್ಬೊರೇಟರ್ ಕಾರುಗಳಲ್ಲಿ ಚೋಕ್ ಪೂರ್ತಿ ಒಳಹೋಗದೆ ಉಳಿಯುವುದೂ ಪೆಟ್ರೋಲ್ ನುಂಗುವ ಸಾಮಾನ್ಯ ದೋಷ.

ಕಾಣೆಯಾದ ಥರ್ಮೋಸ್ಟಾಟ್

ಹಳೆಯ ಕಾರು ಬಿಸಿಯಾಗುತ್ತದೆ ಎಂದು ದೂರಿದರೆ ಕೆಲವು ಗ್ಯಾರೇಜ್‌ಗಳಲ್ಲಿ ಥರ್ಮೋಸ್ಟಾಟ್ ವಾಲ್ವನ್ನೇ ಕಿತ್ತುಹಾಕುವ, ರೇಡಿಯೇಟರ್ ಫ್ಯಾನ್‌ಗೆ 'ಡೈರೆಕ್ಟ್' ಸಂಪರ್ಕ ಕೊಡುವ ರೂಢಿಯಿದೆ. ಕಾರು ಬಿಸಿಯಾಗುವುದು ತಾತ್ಕಾಲಿಕವಾಗಿ ನಿಲ್ಲಬಹುದು. ಆದರೆ ಎಂಜಿನ್ ಬೇಗ ಹದವಾದ ಬಿಸಿಗೆ ಬರಲೆಂದೇ ಆ ವಾಲ್ವ್ ಇರುವುದು. ಅದಿಲ್ಲದಿದ್ದರೆ ಎಂಜಿನ್ ಸದಾ ತಣ್ಣಗಿರುತ್ತದೆ; ಎಂಪಿಎಫ್ಐ ಕಾರಿನ ಕಂಪ್ಯೂಟರ್ ಇನ್ನೂ ಬಿಸಿಯಾಗಿಲ್ಲವೆಂದು ಭಾವಿಸಿ ಪೆಟ್ರೋಲ್ ಹೆಚ್ಚು ಸುರಿಯುತ್ತದೆ. ಟ್ಯೂನಿಂಗ್ ಎಷ್ಟೇ ಮಾಡಿಸಿದರೂ ಮೈಲೇಜ್ ಏರದ ಕಾರುಗಳಲ್ಲಿ ಮೊದಲು ನೋಡಬೇಕಾದ ಜಾಗವಿದು.

ದೋಷ ಪತ್ತೆಗೆ ಇನ್ನೊಂದು ಸುಲಭ ದಾರಿ ಎಮಿಷನ್ ಟೆಸ್ಟ್ ಚೀಟಿ. ಭಾರತ್ ಸ್ಟೇಜ್ 2 ಮತ್ತು 3ರ ಕಾಲದ ಪೆಟ್ರೋಲ್ ಕಾರುಗಳಿಗೆ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇ.0.5. ಕಳೆದ ಬಾರಿಗಿಂತ ಈ ಅಂಕಿ ಏರಿದ್ದರೆ ಪೆಟ್ರೋಲ್ ಪೂರ್ತಿ ಉರಿಯದೆ ಹೊಗೆಕೊಳವೆಯಿಂದ ಹೊರಹೋಗುತ್ತಿದೆ ಎಂದು ತಿಳಿಯಬೇಕು. ಎಂಪಿಎಫ್ಐ ಕಾರಿನಲ್ಲಿ ಆಮ್ಲಜನಕದ ಸೆನ್ಸರ್ ಕೆಟ್ಟಿದ್ದರೂ ಹೀಗಾಗುತ್ತದೆ. ಚೀಟಿಯನ್ನು ಬರಿಯ ದಂಡದಿಂದ ಪಾರಾಗುವ ಕಾಗದವೆಂದು ಮಡಚಿಡುವ ಬದಲು ಮೆಕ್ಯಾನಿಕ್‌ಗೆ ತೋರಿಸುವುದು ಲಾಭಕರ.

ಎಥನಾಲ್ ಎಂಬ ಹೊಸ ಸವಾಲು

ಇಷ್ಟಾದರೂ ಹಿಂದಿನ ಮೈಲೇಜ್ ಪೂರ್ತಿ ಮರಳಲಾರದು. ಪೆಟ್ರೋಲಿಗೆ ಶೇ.20ರಷ್ಟು ಎಥನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲಿ ತಲುಪಿತು. ಒಂದು ಲೀಟರ್ ಎಥನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಶುದ್ಧ ಪೆಟ್ರೋಲಿಗೆಂದು ವಿನ್ಯಾಸಗೊಂಡು, ಶೇ.10ರ ಮಿಶ್ರಣಕ್ಕೆ ಹೊಂದಿಸಲಾದ ಕಾರುಗಳ ಮೈಲೇಜ್ ಶೇ.6ರಿಂದ 7ರಷ್ಟು ಕುಸಿಯಬಹುದೆಂದು ನೀತಿ ಆಯೋಗ 2021ರ ವರದಿಯಲ್ಲಿಯೇ ಅಂದಾಜಿಸಿತ್ತು. ಈ ಪಾಲನ್ನು ಯಾವ ಸರ್ವೀಸ್ ಕೂಡ ಮರಳಿ ತರಲಾರದು. ಅದಕ್ಕಾಗಿ ಮೆಕ್ಯಾನಿಕ್‌ನನ್ನು ದೂರುವುದೂ ಸರಿಯಲ್ಲ.

ಮೈಲೇಜಿಗಿಂತ ಗಂಭೀರವಾದದ್ದು ರಬ್ಬರ್ ಭಾಗಗಳ ಸ್ಥಿತಿ. ಹಳೆಯ ಕಾರುಗಳ ಪೆಟ್ರೋಲ್ ಪೈಪ್, ಗ್ಯಾಸ್ಕೆಟ್‌ಗಳು ಇಷ್ಟು ಎಥನಾಲ್‌ಗೆಂದು ತಯಾರಾದವಲ್ಲ. ಅವು ಊದಿಕೊಂಡು ಅಥವಾ ಬಿರುಕು ಬಿಟ್ಟು ಪೆಟ್ರೋಲ್ ಜಿನುಗಬಹುದು. ಬಿಸಿ ಎಂಜಿನ್ ಮೇಲೆ ಜಿನುಗಿದ ಪೆಟ್ರೋಲ್ ಬೆಂಕಿಗೆ ಆಹ್ವಾನ. ಕಾರಿನೊಳಗೆ ಪೆಟ್ರೋಲ್ ವಾಸನೆ ಬಂದರೆ ಒಡನೆ ನಿಲ್ಲಿಸಿ ಪರೀಕ್ಷಿಸಬೇಕು. ಟ್ಯಾಂಕಿನ ಹಳೆಯ ಕೊಳೆಯನ್ನು ಎಥನಾಲ್ ಸಡಿಲಗೊಳಿಸುವುದರಿಂದ ಫ್ಯೂಯಲ್ ಫಿಲ್ಟರ್ ಕೂಡ ಬೇಗ ಕಟ್ಟಿಕೊಳ್ಳುತ್ತದೆ. ಎಥನಾಲ್ ತೇವವನ್ನು ಹೀರುವುದರಿಂದ ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸಿಡುವುದು ಹಿತವಲ್ಲ.

ಚಾಲಕನ ಕೈಯಲ್ಲೂ ಇದೆ

ಗಂಟೆಗೆ 45ರಿಂದ 55 ಕಿ.ಮೀ. ವೇಗದಲ್ಲಿ ಸಾಗಿದರೆ ಇಂಧನ ಹೆಚ್ಚು ಉಳಿಯುತ್ತದೆ ಎಂಬುದು ಕೇಂದ್ರದ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘದ ಸಲಹೆ. ಸಿಲ್ಕ್ ಬೋರ್ಡ್‌ನಂಥ ಜಂಕ್ಷನ್‌ಗಳಲ್ಲಿ ಅದು ಕನಸೇ ಸರಿ. ಆದರೆ ದೀರ್ಘ ಸಿಗ್ನಲ್‌ಗಳಲ್ಲಿ ಎಂಜಿನ್ ಆರಿಸುವುದು, ಕ್ಲಚ್ ಮೇಲೆ ಕಾಲಿಟ್ಟು ಓಡಿಸದಿರುವುದು, ಡಿಕ್ಕಿಯಲ್ಲಿ ವರ್ಷಗಳಿಂದ ಬಿದ್ದಿರುವ ಭಾರ ಇಳಿಸುವುದು ಯಾರಿಗಾದರೂ ಸಾಧ್ಯ.

ಪೆಟ್ರೋಲ್ ಪೈಪಿಗೆ ಆಯಸ್ಕಾಂತ ಕಟ್ಟಿದರೆ ಮೈಲೇಜ್ ಏರುತ್ತದೆ ಎಂಬ ಜಾಹೀರಾತುಗಳಿಗೆ ಮಾತ್ರ ಮರುಳಾಗಬಾರದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿದೆ. ಮೈಲೇಜನ್ನು ಗಣನೀಯವಾಗಿ ಹೆಚ್ಚಿಸುವ ಒಂದೂ ಅದಕ್ಕೆ ಸಿಕ್ಕಿಲ್ಲ.

ಗಾಳಿ, ಬ್ರೇಕ್, ಪ್ಲಗ್, ಫಿಲ್ಟರ್, ಥರ್ಮೋಸ್ಟಾಟ್, ಪೆಟ್ರೋಲ್ ಪೈಪ್ ಈ ಕ್ರಮದಲ್ಲಿ ಒಂದೊಂದನ್ನೇ ಸರಿಪಡಿಸಿ, ಪ್ರತಿ ಬಾರಿ ಟ್ಯಾಂಕ್ ಲೆಕ್ಕ ಹಾಕಿದರೆ ಹಣ ಎಲ್ಲಿ ಸೋರುತ್ತಿತ್ತು ಎಂಬುದು ಸ್ಪಷ್ಟವಾಗುತ್ತದೆ. ಇಷ್ಟಾದ ಮೇಲೂ ಹೊಗೆ ನೀಲಿಯಾಗಿದ್ದು, ಆಯಿಲ್ ಪದೇ ಪದೇ ಕಡಿಮೆಯಾಗುತ್ತಿದ್ದರೆ ಎಂಜಿನ್ ಸವೆದಿದೆ ಎಂದು ತಿಳಿಯಬಹುದು. ನವೀಕರಣದ ಶುಲ್ಕ ಕಟ್ಟಬೇಕೇ, ಕಾರಿಗೆ ವಿದಾಯ ಹೇಳಬೇಕೇ ಎಂಬುದನ್ನು ಆಗ ನಿರ್ಧರಿಸಿದರೆ ಸಾಕು.