ಅಂಗಡಿಕಾರನ ಲೆಕ್ಕದ ವಹಿಗಳು

ಊರಿನ ಚರಿತ್ರೆಯನ್ನು ಬರೆಯಹೊರಟವರು ಶಾಸನಗಳನ್ನೂ ಕೈಫಿಯತ್ತುಗಳನ್ನೂ ಹುಡುಕುವುದುಂಟು. ಪೇಟೆಯ ಕಿರಾಣಿ ವ್ಯಾಪಾರಿಯ ವಹಿಗಳನ್ನು ಕೇಳುವವರು ವಿರಳ. ಆದರೆ ಹತ್ತೊಂಬತ್ತನೆಯ ಶತಮಾನದ ಸಾಮಾನ್ಯರ ಊಟ ಉಡುಗೆ, ಸಾಲ ಬಾಕಿಗಳು ದಿನದಿನವೂ ದಾಖಲಾದುದು ಅಲ್ಲಿಯೇ.

ಕನ್ನಡ ವ್ಯಾಪಾರಿಗಳು ಹಿಂದೆ ಕಡತಗಳನ್ನು ಬಳಸುತ್ತಿದ್ದರು. ಉದ್ದನೆಯ ಹತ್ತಿಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಕಲಸಿ ಬಳಿದು, ಒಣಗಿಸಿ, ಮಡಿಕೆಮಾಡಿ, ಬಳಪದಿಂದ ಬರೆಯುತ್ತಿದ್ದರು. ಮಾರ್ಕ್ ವಿಲ್ಕ್ಸನು 1810ರಲ್ಲಿ ಪ್ರಕಟವಾದ ತನ್ನ ಮೈಸೂರು ಇತಿಹಾಸದ ಮೊದಲ ಸಂಪುಟದಲ್ಲಿ ಇದನ್ನು ವರ್ಣಿಸಿದ್ದಾನೆ. ಬಾಕಿ ತೀರಿದೊಡನೆ ಒರಸಿ ಮತ್ತೆ ಬರೆಯಬಹುದಾಗಿದ್ದುದರಿಂದ ಹಳೆಯ ಲೆಕ್ಕ ಉಳಿಯುತ್ತಿರಲಿಲ್ಲ. ಆದುದರಿಂದ ನಮಗೆ ಕಾಗದದ ವಹಿಗಳೇ ಮುಖ್ಯ ಆಧಾರ.

ಇವುಗಳಲ್ಲಿ ಮುಖ್ಯವಾದವು ಎರಡು. ರೋಜುಕೀರ್ದಿಯಲ್ಲಿ ಆಯಾ ದಿನದ ಜಮಾ, ಖರ್ಚು ಹಾಗೂ ಕೊನೆಗೆ ಉಳಿದ ಶಿಲ್ಕು ಇರುತ್ತವೆ. ಅವೇ ಬಾಬುಗಳನ್ನು ಖಾತೆವಹಿಯಲ್ಲಿ ಗಿರಾಕಿಗಳ ಹೆಸರಿನಡಿ ವಿಂಗಡಿಸಿರುತ್ತಾರೆ. ಬೆಲೆಗಳ ಏರಿಳಿತವನ್ನು ತಿಳಿಯಲು ಮೊದಲನೆಯದು, ಒಂದು ಮನೆತನದ ಸಾಲ ಬೆಳೆದ ಬಗೆಯನ್ನು ತಿಳಿಯಲು ಎರಡನೆಯದು ಬೇಕು.

ಓದುವಾಗ ಮೂರು ಸಂಗತಿಗಳು ನೆನಪಿನಲ್ಲಿರಬೇಕು. ರೂಪಾಯಿಯ ಅಂಕಿಯ ಮುಂದಿನ ಒಂದೊಂದು ನಿಲುಗೆರೆಯೂ ನಾಲ್ಕಾಣೆ, ಒಂದೊಂದು ಅಡ್ಡಗೆರೆಯೂ ಒಂದಾಣೆ. ಎರಡು ನಿಲುಗೆರೆ, ಒಂದು ಅಡ್ಡಗೆರೆಯಿದ್ದರೆ ಒಂಬತ್ತಾಣೆ. ಎರಡನೆಯದಾಗಿ, ಸೇರು ಮಣಗಳು ಊರಿಂದೂರಿಗೆ ಬೇರೆಯಾಗಿದ್ದುವು. ಅದನ್ನು ನಿಶ್ಚಯಿಸದೆ ಎರಡು ಪೇಟೆಗಳ ಧಾರಣೆಯನ್ನು ಹೋಲಿಸಲಾಗದು. ಮೂರನೆಯದು ಕಾಲನಿರ್ಣಯ. ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ. ಬರಿಯ ‘ಧಾತು’ ಎಂದಿದ್ದರೆ 1876-77 ಆಗಬಹುದು, 1936-37 ಕೂಡ ಆಗಬಹುದು. ಶಕವರ್ಷ 1798 ಎಂದಿದ್ದರೆ ಸಂಶಯವಿಲ್ಲ.

ಆ ಧಾತು ಹಾಗೂ ಅದರ ಮುಂದಿನ ಈಶ್ವರ ಸಂವತ್ಸರಗಳಲ್ಲಿಯೇ ದೊಡ್ಡ ಬರ ಬಿದ್ದು ಸೋಲಾಪುರ, ಆದವಾನಿ ಸೀಮೆಗಳು ತತ್ತರಿಸಿದುವು. ಮದರಾಸಿನ ರೈಲುಮಾರ್ಗವು ಆದವಾನಿಯ ಮೂಲಕ ಸಾಗಿ 1871ರಲ್ಲಿಯೇ ರಾಯಚೂರಿನಲ್ಲಿ ಮುಂಬಯಿ ಮಾರ್ಗವನ್ನು ಕೂಡಿಕೊಂಡಿತ್ತು. ಹೊರಗಿನ ಧಾನ್ಯ ಬರಲು ದಾರಿಯಿದ್ದರೂ ಕೊಳ್ಳಲು ಕಾಸಿಲ್ಲದವನಿಗೆ ಅಂಗಡಿಕಾರನ ಉದ್ರಿಯೇ ಗತಿ. ಯಾವ ವಾರದಲ್ಲಿ ಜೋಳದ ಧಾರಣೆ ಏರಿತು, ಯಾವಾಗ ಉದ್ರಿ ನಿಂತಿತು, ಯಾರು ಒಡವೆ ಅಡವಿಟ್ಟರು ಎಂಬುದನ್ನು ಜಿಲ್ಲೆಯ ಸರಾಸರಿ ಕೊಡುವ ವರದಿಗಿಂತ ಇಂತಹ ವಹಿಯೇ ಚೆನ್ನಾಗಿ ಹೇಳಬಲ್ಲುದು.

ಹಳೆಯ ವಹಿಗಳು ರದ್ದಿಗೆ ಹೋಗುವ ಮುನ್ನ ಶಿಕ್ಷಕ ಬಂಧುಗಳು ತಮ್ಮ ಊರಿನ ಅಂಗಡಿ ಮನೆತನಗಳನ್ನು ವಿಚಾರಿಸಬೇಕು. ಮೋಡಿ ಲಿಪಿಯಲ್ಲಿದೆಯೆಂದು ಯಾವುದನ್ನೂ ತಳ್ಳಬಾರದು. ಓದಬಲ್ಲವರು ಇನ್ನೂ ಇದ್ದಾರೆ. ಸಾಲಗಾರರ ಹೆಸರುಗಳನ್ನು ಮಾತ್ರ ಬಯಲಿಗೆ ತರತಕ್ಕದ್ದಲ್ಲ. ಅವರ ಮೊಮ್ಮಕ್ಕಳು ನಮ್ಮ ಶಾಲೆಗಳಲ್ಲಿಯೇ ಓದಿದವರಾಗಿರಬಹುದು.